ಔಷಧದಾನವೂ ಐದನೆಯ ಸಮಿತಿಯೂ

ನೀರನ್ನು ಸೋಸಿ ಬಳಸುವುದು ಜೈನ ಗೃಹಸ್ಥನ ಮನೆಯ ಅತಿ ಪ್ರಾಚೀನವಾದ ಗುರುತುಗಳಲ್ಲಿ ಒಂದು. ಬಾವಿಯಿಂದ ಸೇದಿದ ನೀರನ್ನು ಮಡಿಸಿದ ಬಟ್ಟೆಯಲ್ಲಿ ಸೋಸಿ, ಬಟ್ಟೆಯ ಮೇಲೆ ಉಳಿದ ಸಣ್ಣ ಜೀವಿಗಳನ್ನು ಸೋಸಿದ ನೀರಿನಿಂದಲೇ ಮೆಲ್ಲನೆ ತೊಳೆದು, ಯಾವ ಬಾವಿಯಿಂದ ನೀರು ಬಂದಿತೋ ಅದೇ ಬಾವಿಗೆ ಮರಳಿ ಬಿಡುವ ಕ್ರಮವನ್ನು ಹಿರಿಯರು ಪಾಲಿಸುತ್ತಿದ್ದರು. ಒಂದು ನೀರಿನ ಜೀವಿ ಇನ್ನೊಂದು ನೀರಿನಲ್ಲಿ ಬದುಕದೆ ಹೋಗಬಹುದೆಂಬ ಎಚ್ಚರ ಅವರಿಗಿತ್ತು. ಈ ಆಚಾರಕ್ಕೆ ಎರಡು ಮುಖಗಳಿವೆ. ಕುಡಿಯುವವನ ಒಡಲಿಗೆ ನೀರಿನಿಂದ ಏನು ಹೋಗುತ್ತದೆ ಎಂಬ ವಿಚಾರ ಒಂದು. ಅವನ ಕೈಯಿಂದ ನೀರಿಗೆ ಏನು ಮರಳುತ್ತದೆ ಎಂಬ ವಿಚಾರ ಮತ್ತೊಂದು. ನಲ್ಲಿಯ ನೀರು ಮನೆಮನೆಗೆ ಬಂದ ಮೇಲೆ ಮೊದಲನೆಯದು ನಲ್ಲಿಯ ಬಾಯಿಗೆ ಕಟ್ಟಿದ ಬಟ್ಟೆಯ ರೂಪದಲ್ಲಾದರೂ ಉಳಿದುಕೊಂಡಿತು. ಎರಡನೆಯದು ಬಹುಮಟ್ಟಿಗೆ ಮರೆಯಾಯಿತು. ಬಚ್ಚಲಿನಿಂದ ಹೊರಟ ನೀರು ಯಾವ ಹಳ್ಳಕ್ಕೆ ಸೇರುತ್ತದೆ ಎಂದು ಕೇಳುವ ಗೃಹಸ್ಥರು ಇಂದು ವಿರಳ.

ಮರೆತುಹೋದ ಈ ಅರ್ಧವನ್ನು ನೆನಪಿಗೆ ತರುವ ಪ್ರಶ್ನೆಯೊಂದು ಈಗ ಎದುರಾಗಿದೆ. ಮನೆಯಲ್ಲಿ ಸೇವಿಸಿದ ಔಷಧ, ಮಿಕ್ಕು ಬಚ್ಚಲಿಗೆ ಸುರಿದ ಔಷಧ, ದಾನವಾಗಿ ಕೊಟ್ಟು ಬಳಕೆಯಾಗದೆ ಎಲ್ಲಿಯೋ ಬಿದ್ದ ಔಷಧ, ಇವೆಲ್ಲ ಹಳ್ಳಹೊಳೆಗಳನ್ನು ಸೇರಿ ಅಲ್ಲಿನ ಜೀವಿಗಳಿಗೆ ಹಾನಿ ಮಾಡುವುದಾದರೆ, ಆ ಹಿಂಸೆಯಲ್ಲಿ ಗೃಹಸ್ಥನ ಪಾಲೆಷ್ಟು? ರೋಗಿಯ ಪ್ರಾಣವನ್ನು ಉಳಿಸಲೆಂದೇ ಹುಟ್ಟಿದ ವಸ್ತುವಿನ ವಿಷಯದಲ್ಲಿ ಹೀಗೆ ಕೇಳುವುದು ಕಠೋರವೆನಿಸಬಹುದು. ಆದರೂ ಕೇಳದೆ ಬಿಡುವಂತಿಲ್ಲ.

ಬೆಂಗಳೂರಿನ ಬಸವನಗುಡಿಯ ದೊಡ್ಡ ಬಸವಣ್ಣನ ಸನ್ನಿಧಿಯಲ್ಲಿ ಹುಟ್ಟುವಳೆಂದು ಜನರು ನಂಬಿರುವ ವೃಷಭಾವತಿಯು ಮೈಸೂರು ರಸ್ತೆಯ ಗಾಳಿ ಆಂಜನೇಯ ದೇವಾಲಯದ ಬಳಿ ಹರಿದು, ನಾಯಂಡಹಳ್ಳಿ, ಕೆಂಗೇರಿಗಳನ್ನು ದಾಟಿ, ಬಿಡದಿಯ ಸಮೀಪದ ಬೈರಮಂಗಲ ಕೆರೆಯನ್ನು ಸೇರುತ್ತದೆ. ಅಲ್ಲಿಂದ ಮುಂದೆ ಕನಕಪುರದ ಕಡೆಗೆ ಸಾಗಿ ಅರ್ಕಾವತಿಯಲ್ಲಿ ಬೆರೆಯುತ್ತದೆ. ಅರ್ಕಾವತಿಯಾದರೋ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ತಿಪ್ಪಗೊಂಡನಹಳ್ಳಿ, ಮಾಗಡಿ ತಾಲ್ಲೂಕಿನ ಮಂಚನಬೆಲೆ, ರಾಮನಗರ, ಕನಕಪುರಗಳನ್ನು ಹಾದು ಸಂಗಮದಲ್ಲಿ ಕಾವೇರಿಯನ್ನು ಕೂಡುವ ನದಿ. ಚನ್ನಪಟ್ಟಣದ ಸೀಮೆಗೆ ನೀರೂಡಿಸುವ ಕಣ್ವ ಬೇರೆಯ ಹೊಳೆ. ಅದು ಮಾಗಡಿಯ ಕಡೆಯಿಂದ ಇಳಿದು ಶಿಂಷಾ ನದಿಯ ಮೂಲಕ ಕೊನೆಗೆ ಅದೇ ಕಾವೇರಿಯನ್ನು ಮುಟ್ಟುತ್ತದೆ. ಈ ನಾಲ್ಕು ಊರುಗಳನ್ನೊಳಗೊಂಡು 2007ರಲ್ಲಿ ರಚನೆಯಾದ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೊಸ ಹೆಸರು ಬಂದಿತು. ಜಿಲ್ಲೆಯ ಹೆಸರಿಗೆ ಬೆಂಗಳೂರು ಈಚೆಗೆ ಸೇರಿದರೂ ಅದರ ನೀರಿಗೆ ಎಷ್ಟೋ ಮೊದಲೇ ಸೇರಿತ್ತು.

ಬೇಸಿಗೆಯಲ್ಲಿ ವೃಷಭಾವತಿಯಲ್ಲಿ ಹರಿಯುವುದು ಮಳೆಯ ನೀರಲ್ಲ. ಮಹಾನಗರದ ಪಶ್ಚಿಮ ಭಾಗದ ಮನೆಗಳು, ಆಸ್ಪತ್ರೆಗಳು, ಪೀಣ್ಯ ಮೊದಲಾದೆಡೆಯ ಕಾರ್ಖಾನೆಗಳು ಬಳಸಿ ಬಿಟ್ಟ ನೀರು ಅದು. ಒಂದಷ್ಟು ಶುದ್ಧೀಕರಣ ಘಟಕಗಳನ್ನು ಹಾದು ಬಂದರೆ ಇನ್ನಷ್ಟು ಇದ್ದ ಹಾಗೆಯೇ ಬರುತ್ತದೆ. ಬೈರಮಂಗಲದಲ್ಲಿ ಎದ್ದು ನಿಲ್ಲುವ ಬಿಳಿಯ ನೊರೆಯನ್ನು ಕಂಡವರು ಮರೆಯುವುದಿಲ್ಲ. ಆ ನೀರನ್ನೇ ನಂಬಿ ಕೆಳಗಿನ ರೈತರು ಮೇವಿನ ಹುಲ್ಲು, ಜೋಳ, ಹಿಪ್ಪುನೇರಳೆ ಬೆಳೆಯುತ್ತಾರೆ. ಹುಲ್ಲು ಹಸುವಿಗೆ ಹೋಗುತ್ತದೆ, ಹಸುವಿನ ಹಾಲು ಮನೆಗಳಿಗೆ. ಹಿಪ್ಪುನೇರಳೆ ರೇಷ್ಮೆಹುಳುವಿಗೆ. (ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಹೆಸರು ಕೇಳಿದೊಡನೆ ಜೈನ ಓದುಗರ ಮನಸ್ಸಿನಲ್ಲಿ ಏಳುವ ಪ್ರಶ್ನೆ ಬೇರೆಯೇ ಇದೆ, ಪೂಜೆಯ ಪಟ್ಟೆವಸ್ತ್ರದ ಆ ವಿಚಾರವನ್ನು ಪ್ರತ್ಯೇಕವಾಗಿಯೇ ಎತ್ತಿಕೊಳ್ಳಬೇಕು.)

ನುಂಗಿದ ಮಾತ್ರೆ ದೇಹದಲ್ಲಿಯೇ ಕರಗಿ ಇಲ್ಲವಾಗುತ್ತದೆ ಎಂಬುದು ಸಾಮಾನ್ಯರ ಎಣಿಕೆ. ಅದು ಅಷ್ಟು ಸರಿಯಲ್ಲ. ಮಧುಮೇಹಕ್ಕೆ ನಿತ್ಯ ಸೇವಿಸುವ ಮೆಟ್‌ಫಾರ್ಮಿನ್ ದೇಹದಲ್ಲಿ ಮಾರ್ಪಡದೆ ಹೊರಬರುತ್ತದೆ. ಅಮಾಕ್ಸಿಸಿಲಿನ್‌ನಂತಹ ಪ್ರತಿಜೀವಕದ ಅರ್ಧಕ್ಕಿಂತ ಹೆಚ್ಚಿನ ಪಾಲು ಕೆಲವೇ ಗಂಟೆಗಳಲ್ಲಿ ಮೂತ್ರದ ಮೂಲಕ ಹೋಗುತ್ತದೆ. ನೋವಿಗೆ ಹಚ್ಚುವ ಮುಲಾಮಿನ ಬಹುಭಾಗ ಚರ್ಮದೊಳಗೆ ಇಳಿಯದೆ ಸ್ನಾನದ ನೀರಿನಲ್ಲಿ ತೊಳೆದುಹೋಗುತ್ತದೆ. ಶುದ್ಧೀಕರಣ ಘಟಕಗಳನ್ನು ಕಟ್ಟಿರುವುದು ಮಲದ ಅಂಶವನ್ನೂ ಕೊಳೆಯುವ ಪದಾರ್ಥವನ್ನೂ ಕಳೆಯುವುದಕ್ಕೆ. ನೀರಿನಲ್ಲಿ ಕರಗಿರುವ ಔಷಧವನ್ನು ಹಿಡಿಯುವುದು ಅವುಗಳ ಉದ್ದೇಶವಾಗಿರಲಿಲ್ಲ. ಅಪಸ್ಮಾರಕ್ಕೆ ಕೊಡುವ ಕಾರ್ಬಮಜೆಪಿನ್ ಆ ಘಟಕಗಳಲ್ಲಿ ಹೆಚ್ಚುಕಡಮೆ ಹಾಗೆಯೇ ಹಾದುಹೋಗುತ್ತದೆ. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ 104 ದೇಶಗಳ 258 ನದಿಗಳ ನೀರನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಅತಿ ಹೆಚ್ಚು ಕಡೆಗಳಲ್ಲಿ ಕಂಡುಬಂದ ವಸ್ತುಗಳ ಸಾಲಿನಲ್ಲಿ ಕಾರ್ಬಮಜೆಪಿನ್ ಮತ್ತು ಮೆಟ್‌ಫಾರ್ಮಿನ್‌ಗಳ ಹೆಸರುಗಳಿವೆ. ಬೆಂಗಳೂರಿನ ನದಿ ಕೆರೆಗಳಲ್ಲಿರುವ ಔಷಧಾಂಶಗಳನ್ನು ಋತುಮಾನಗಳಿಗೆ ಅನುಸಾರವಾಗಿ ಅಳೆದ ಅಧ್ಯಯನವೊಂದು 2021ರಲ್ಲಿಯೇ ಬೆಳಕು ಕಂಡಿತ್ತು.

ಅತ್ಯಲ್ಪ ಪ್ರಮಾಣದಿಂದ ಆಗುವುದೇನು ಎಂದು ಕೇಳಬಹುದು. ಕೆನಡಾ ದೇಶದ ಆಂಟಾರಿಯೋ ಪ್ರಾಂತ್ಯದ ಒಂದು ಸರೋವರಕ್ಕೆ, ಗರ್ಭನಿರೋಧಕ ಮಾತ್ರೆಗಳಲ್ಲಿರುವ ಕೃತಕ ಈಸ್ಟ್ರೋಜನ್ನನ್ನು 2001ರಿಂದ 2003ರವರೆಗೆ ಬೆರೆಸಲಾಯಿತು. ಪ್ರಮಾಣ ಲೀಟರಿಗೆ ಐದಾರು ನ್ಯಾನೋಗ್ರಾಂ, ಎಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಐದಾರು ಪಾಲು. ಗಂಡುಮೀನುಗಳಲ್ಲಿ ಹೆಣ್ಣಿನ ಲಕ್ಷಣಗಳು ತೋರಿ, ಒಂದು ಜಾತಿಯ ಸಣ್ಣ ಮೀನಿನ ಸಂತತಿ ಆ ಸರೋವರದಲ್ಲಿ ನಿರ್ನಾಮದ ಅಂಚಿಗೆ ಬಂದಿತು. ಬೆರೆಸುವುದನ್ನು ನಿಲ್ಲಿಸಿದ ಕೆಲವು ವರ್ಷಗಳ ಮೇಲೆ ಮೀನುಗಳು ಮತ್ತೆ ಹೆಚ್ಚಿದವು. ಸ್ವೀಡನ್ ದೇಶದ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ, ಮನುಷ್ಯರ ಆತಂಕವನ್ನು ತಗ್ಗಿಸುವ ಔಷಧದ ಸ್ವಲ್ಪ ಅಂಶವಿರುವ ನೀರಿನಲ್ಲಿದ್ದ ಮೀನುಗಳು ತಮ್ಮ ಗುಂಪಿನಿಂದ ದೂರವಾಗಿ, ಅಂಜಿಕೆಯಿಲ್ಲದೆ ಒಂಟಿಯಾಗಿ ಓಡಾಡತೊಡಗಿದವು. ಹೊಳೆಯಲ್ಲಿ ಅಂಜದ ಮೀನು ಬಹುಕಾಲ ಬದುಕುವುದಿಲ್ಲ. ಇಂಥ ಪ್ರಯೋಗಗಳೇ ಹಿಂಸೆಯಲ್ಲವೇ ಎಂದು ಕೇಳುವವರ ಮಾತು ನ್ಯಾಯವಾದುದೇ. ಆದರೆ ಒಂದು ಸರೋವರದಲ್ಲಿ ತಿಳಿದೂ ತಿಳಿದೂ ಮಾಡಿ ಅಲ್ಲಿಗೆ ನಿಲ್ಲಿಸಿದ್ದನ್ನು ನಗರಗಳು ತಿಳಿಯದೆಯೇ ತಮ್ಮ ಎಲ್ಲ ಹೊಳೆಗಳಲ್ಲಿಯೂ ನಡೆಸುತ್ತ ಬಂದಿವೆ. ಅವಕ್ಕೆ ನಿಲ್ಲಿಸುವ ದಿನವೇ ಗೊತ್ತಾಗಿಲ್ಲ.

ಜೈನ ಸಿದ್ಧಾಂತದ ಪ್ರಕಾರ ನೀರಿನಲ್ಲಿ ವಾಸಿಸುವ ತ್ರಸಜೀವಿಗಳಲ್ಲದೆ ನೀರೇ ಶರೀರವಾಗಿರುವ ಏಕೇಂದ್ರಿಯ ಜೀವಿಗಳೂ ಇವೆ. ಆದುದರಿಂದ ಹೊಳೆಯನ್ನು ಕೇವಲ ಜಡದ್ರವ್ಯವೆಂದು ಕಾಣುವುದು ಶ್ರಾವಕನಿಗೆ ಸಾಧ್ಯವಿಲ್ಲ. ಇಷ್ಟಾದರೂ, ಔಷಧದಿಂದಾಗುವ ಹಾನಿಯನ್ನು ಹಿಂಸೆಯೆಂದು ಕರೆಯಬಹುದೇ ಎಂಬಲ್ಲಿ ಸಂದೇಹ ಉಳಿಯುತ್ತದೆ. ಮಾತ್ರೆ ನುಂಗಿದ ವೃದ್ಧೆಗೆ ಮೀನನ್ನು ಕೊಲ್ಲುವ ಸಂಕಲ್ಪವಿಲ್ಲ. ಸಂಕಲ್ಪವಿಲ್ಲದ ಮೇಲೆ ದೋಷವೆಲ್ಲಿ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಬಾರದು. ಗೃಹಸ್ಥನಿಗೆ ಪೂರ್ಣವಾಗಿ ತ್ಯಾಜ್ಯವಾದುದು ಸಂಕಲ್ಪೀ ಹಿಂಸೆ. ಅಡುಗೆ, ಸ್ನಾನ, ದೇಹರಕ್ಷಣೆಗಳಲ್ಲಿ ಒದಗುವ ಆರಂಭೀ ಹಿಂಸೆಯನ್ನು ಅವನು ಮಿತಗೊಳಿಸಬೇಕಾದವನೇ ಹೊರತು ಪೂರ್ತಿಯಾಗಿ ಬಿಡಬಲ್ಲವನಲ್ಲ. ವೈದ್ಯನು ಹೇಳಿದ ಔಷಧವನ್ನು ರೋಗಿಯು ಸೇವಿಸಿ, ಅದರ ಅಂಶ ದೇಹಧರ್ಮದಿಂದ ಹೊರಹೋದರೆ ಅದು ಈ ಎರಡನೆಯ ಬಗೆಗೆ ಸೇರುತ್ತದೆ. ಅದಕ್ಕಾಗಿ ಯಾರೂ ಔಷಧವನ್ನು ಬಿಡಬೇಕಾಗಿಲ್ಲ, ಬಿಡಲೂ ಕೂಡದು. ಅಪಸ್ಮಾರದ ಮಗುವಿನ ಮಾತ್ರೆಯನ್ನು ಅಹಿಂಸೆಯ ಹೆಸರಿನಲ್ಲಿ ನಿಲ್ಲಿಸುವ ತಂದೆ ದೊಡ್ಡ ಹಿಂಸೆಯನ್ನೇ ಮಾಡಿದವನಾಗುತ್ತಾನೆ.

ಆದರೆ ಸಂಕಲ್ಪವಿಲ್ಲವೆಂಬ ಒಂದೇ ಕಾರಣದಿಂದ ಎಲ್ಲವೂ ನಿರ್ದೋಷವಾಗುವುದಿಲ್ಲ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣದಲ್ಲಿ ಮುಂದಿಟ್ಟಿರುವುದು ಪ್ರಮಾದವನ್ನು. ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಎಚ್ಚರವಿಲ್ಲದೆ ನಡೆಯುವವನನ್ನೂ ಎಚ್ಚರದಿಂದ ನಡೆಯುವವನನ್ನೂ ಬೇರ್ಪಡಿಸಿ ನೋಡುತ್ತಾರೆ: ಮೊದಲನೆಯವನ ಕಾಲಡಿಯಲ್ಲಿ ಜೀವಿ ಸಾಯದಿದ್ದರೂ ಅವನಿಗೆ ಹಿಂಸೆ ತಪ್ಪಿದ್ದಲ್ಲ, ಎರಡನೆಯವನಿಗೆ ಜೀವಿ ಸತ್ತ ಮಾತ್ರದಿಂದಲೇ ಬಂಧವಿಲ್ಲ. ಹಾಗಾದರೆ ನಿರ್ಣಾಯಕವಾದುದು ಎಚ್ಚರ. ಎಚ್ಚರಕ್ಕೆ ತಿಳಿವಳಿಕೆ ಬೇಕು. 50 ವರ್ಷಗಳ ಹಿಂದಿನ ಗೃಹಸ್ಥನು ಮಿಕ್ಕ ಔಷಧವನ್ನು ಬಚ್ಚಲಿಗೆ ಸುರಿದಾಗ ಅದು ಎಲ್ಲಿಗೆ ಹೋಗಿ ಏನು ಮಾಡುತ್ತದೆಂದು ತಿಳಿಯುವ ದಾರಿಯೇ ಅವನಿಗಿರಲಿಲ್ಲ. ಇಂದಿನವನಿಗೆ ಆ ದಾರಿಯಿದೆ. ಕೃತ್ಯ ಅದೇ ಆದರೂ ಅದರ ಭಾರ ಬದಲಾಯಿತು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಣಿಸಿರುವ ಐದು ಬಗೆಯ ಅನರ್ಥದಂಡಗಳಲ್ಲಿ ಪ್ರಮಾದಚರ್ಯೆಯೂ ಒಂದು. ಪ್ರಯೋಜನವಿಲ್ಲದೆ ನೆಲ, ನೀರು, ಬೆಂಕಿ, ಗಾಳಿಗಳಿಗೆ ಮಾಡುವ ಉಪದ್ರವ ಅದರಲ್ಲಿ ಅಡಗಿದೆ. ನುಂಗಿದ ಮಾತ್ರೆಗೆ ಪ್ರಯೋಜನವುಂಟು. ಸುರಿದ ಸೀಸೆಗೆ ಯಾವ ಪ್ರಯೋಜನ?

ದೊಡ್ಡ ಪಾಪಿಗಳು ಕಾರ್ಖಾನೆಗಳು, ಮನೆಗಳಲ್ಲ ಎಂಬ ವಾದವೂ ಇದೆ. ಅದರಲ್ಲಿ ಸತ್ಯಾಂಶ ಬಹಳವಿದೆ. ಹೈದರಾಬಾದಿನ ಬಳಿಯ ಪಟಂಚೆರುವಿನಲ್ಲಿ ಸುಮಾರು 90 ಔಷಧ ತಯಾರಕರ ತ್ಯಾಜ್ಯವನ್ನು ಶುದ್ಧೀಕರಿಸಿ ಹೊರಬಿಡುತ್ತಿದ್ದ ನೀರಿನಲ್ಲಿ ಸಿಪ್ರೋಫ್ಲಾಕ್ಸಾಸಿನ್ ಎಂಬ ಪ್ರತಿಜೀವಕವು ಲೀಟರಿಗೆ 31 ಮಿಲಿಗ್ರಾಂವರೆಗೆ ಇದ್ದುದನ್ನು ಸ್ವೀಡನ್ನಿನ ವಿಜ್ಞಾನಿಗಳು 2007ರಲ್ಲಿ ವರದಿ ಮಾಡಿದರು. ಅದು ಆ ಔಷಧ ಸೇವಿಸುವ ರೋಗಿಯ ರಕ್ತದಲ್ಲಿರುವ ಪ್ರಮಾಣಕ್ಕಿಂತಲೂ ಅಧಿಕ. ಔಷಧ ಕಾರ್ಖಾನೆಗಳ ತ್ಯಾಜ್ಯನೀರಿನಲ್ಲಿ ಪ್ರತಿಜೀವಕಗಳಿಗೆ ಮಿತಿ ವಿಧಿಸುವ ಕರಡು ನಿಯಮವನ್ನು ಕೇಂದ್ರ ಸರ್ಕಾರ 2020ರಲ್ಲಿ ಹೊರಡಿಸಿದರೂ 2021ರ ಅಂತಿಮ ಅಧಿಸೂಚನೆಯಲ್ಲಿ ಆ ಮಿತಿಗಳು ಉಳಿಯಲಿಲ್ಲ. ಔಷಧೋದ್ಯಮದಲ್ಲಿಯೂ ಸಗಟು ವ್ಯಾಪಾರದಲ್ಲಿಯೂ ತೊಡಗಿರುವ ಜೈನ ಬಾಂಧವರು ಕಡಿಮೆಯಿಲ್ಲದಿರುವುದರಿಂದ ಈ ಸಂಗತಿ ಪರರ ಮನೆಯ ಸುದ್ದಿಯೇನಲ್ಲ. ಆದರೆ ಇನ್ನೊಬ್ಬನ ದೊಡ್ಡ ತಪ್ಪನ್ನು ತೋರಿಸಿ ತನ್ನ ಸಣ್ಣ ತಪ್ಪನ್ನು ಮುಚ್ಚುವುದಕ್ಕೆ ಪ್ರತಿಕ್ರಮಣದಲ್ಲಿ ಅವಕಾಶವಿಲ್ಲ.

ಸಣ್ಣ ತಪ್ಪು ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಹೊಳೆಯನ್ನು ಬಿಟ್ಟು ಸ್ವಲ್ಪ ಬೆಟ್ಟವನ್ನು ನೋಡಬೇಕು. ರಾಮನಗರದ ರಾಮದೇವರ ಬೆಟ್ಟದ ಬಂಡೆಗಳಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತವೆ. ಅವುಗಳಿಗಾಗಿ 2012ರಲ್ಲಿ ಅಲ್ಲಿ ಸುಮಾರು 346 ಹೆಕ್ಟೇರ್ ಪ್ರದೇಶವನ್ನು ರಣಹದ್ದು ಧಾಮವೆಂದು ಘೋಷಿಸಲಾಯಿತು. ಬೆಟ್ಟದಲ್ಲಿ ಈಗ ಕಾಣುವುದು ಬೆರಳೆಣಿಕೆಯ ಹಕ್ಕಿಗಳು. ಭಾರತದಾದ್ಯಂತ 1990ರ ದಶಕದಿಂದ ಈ ಜಾತಿಯ ಹದ್ದುಗಳು ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚಾಗಿ ಅಳಿದವು. ಕಾರಣ ತಿಳಿದದ್ದು 2004ರಲ್ಲಿ: ದನಗಳಿಗೆ ನೋವು ಶಮನಕ್ಕಾಗಿ ಕೊಡುತ್ತಿದ್ದ ಡೈಕ್ಲೋಫೆನಾಕ್. ಔಷಧ ಪಡೆದು ಕೆಲವೇ ದಿನಗಳಲ್ಲಿ ಸತ್ತ ದನದ ಮಾಂಸ ತಿಂದ ಹದ್ದುಗಳ ಮೂತ್ರಪಿಂಡಗಳು ಕೆಟ್ಟು ಅವು ಸಾಯುತ್ತಿದ್ದವು. ನೂರು ಕಳೇಬರಗಳಲ್ಲಿ ಒಂದಕ್ಕಿಂತಲೂ ಕಡಿಮೆ ಕಳೇಬರದಲ್ಲಿ ಈ ಔಷಧವಿದ್ದರೂ ಸಂತತಿ ನಾಶವಾಗುವುದಕ್ಕೆ ಸಾಕೆಂದು ಲೆಕ್ಕ ಹಾಕಿದವರು ಕಂಡುಕೊಂಡರು. ಪಶುಗಳಿಗೆ ಇದರ ಬಳಕೆಯನ್ನು ತಡೆಯುವ ಕ್ರಮ 2006ರಲ್ಲಿ ಬಂದಿತು. ಮನುಷ್ಯರಿಗೆಂದು ತಯಾರಾದ ದೊಡ್ಡ ಸೀಸೆಗಳು ಕೊಟ್ಟಿಗೆ ಸೇರುತ್ತಿದ್ದುದರಿಂದ 2015ರಲ್ಲಿ ಚುಚ್ಚುಮದ್ದಿನ ಸೀಸೆಯನ್ನು 3 ಮಿಲಿಲೀಟರಿಗೆ ಮಿತಗೊಳಿಸಲಾಯಿತು. 2023ರಲ್ಲಿ ಇದೇ ಗುಣದ ಕೀಟೋಪ್ರೊಫೆನ್, ಅಸೆಕ್ಲೋಫೆನಾಕ್‌ಗಳನ್ನೂ ಪಶುಗಳಿಗೆ ನಿಷೇಧಿಸಲಾಯಿತು. ಹದ್ದಿಗೆ ಹಾನಿಯಾಗದ ಮೆಲಾಕ್ಸಿಕಾಮ್ ಎಂಬ ಔಷಧ ದನದ ನೋವಿಗೆ ಲಭ್ಯವಿದೆ.

ಇಲ್ಲಿ ಯಾರೂ ದುಷ್ಟರಲ್ಲ. ಕುಂಟುತ್ತಿದ್ದ ಎತ್ತಿಗೆ, ಕೆಚ್ಚಲು ಬಾತ ಹಸುವಿಗೆ ಮರುಕದಿಂದಲೇ ಆ ಔಷಧವನ್ನು ಕೊಟ್ಟರು. ಗೋಶಾಲೆ, ಪಿಂಜರಾಪೋಲುಗಳನ್ನು ನಡೆಸುವ ಸಮಾಜಕ್ಕೆ ಈ ಕಥೆ ಬೇರೆಯವರಿಗಿಂತ ಹೆಚ್ಚು ತಟ್ಟಬೇಕು. ಜೈನ ರಾಮಾಯಣಗಳ ಪರಂಪರೆಯಲ್ಲಿ ಜಟಾಯುವು ದಂಡಕಾರಣ್ಯದಲ್ಲಿ ಮುನಿಗಳ ದರ್ಶನದಿಂದ ಪೂರ್ವಜನ್ಮವನ್ನು ನೆನೆದು ಶ್ರಾವಕವ್ರತವನ್ನು ಕೈಕೊಂಡ ಹದ್ದು ಎಂಬುದನ್ನು ಬಲ್ಲವರಿಗೆ, ರಾಮನ ಹೆಸರಿನ ಬೆಟ್ಟದ ಮೇಲೆ ಆ ಕುಲ ಕ್ಷೀಣಿಸುತ್ತಿರುವುದು ಬರಿಯ ಪಕ್ಷಿಶಾಸ್ತ್ರದ ವಿಷಯವಾಗಿ ತೋರುವುದಿಲ್ಲ. ರಾಮನಗರದಲ್ಲಿ ಹದ್ದುಗಳು ಕಡಿಮೆಯಾದುದಕ್ಕೆ ಕಲ್ಲುಗಣಿ, ಜನಸಂದಣಿ, ಆಹಾರದ ಅಭಾವ ಮುಂತಾದ ಬೇರೆ ಕಾರಣಗಳೂ ಉಂಟು. ಎಲ್ಲವನ್ನೂ ಒಂದೇ ಔಷಧದ ತಲೆಗೆ ಕಟ್ಟುವುದು ಸರಿಯಲ್ಲ. ಬೆಟ್ಟದ ಪಾಠ ಬೇರೆ. ಔಷಧದ ಕೆಲಸ ರೋಗಿಯಲ್ಲಿ ಮುಗಿಯುವುದಿಲ್ಲ. ಕೊಟ್ಟವನು ನೋಡದ ಕಡೆ ಅದು ಮುಂದುವರಿಯುತ್ತದೆ. ಬೆಟ್ಟದಲ್ಲಿ ಸತ್ತ ಹದ್ದು ಕಣ್ಣಿಗೆ ಬೀಳುತ್ತದೆ. ಅರ್ಕಾವತಿಯ ನೀರಿನೊಳಗೆ ಸತ್ತುದನ್ನು ಎಣಿಸುವವರಿಲ್ಲ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳು ಕರ್ನಾಟಕದ ಜೈನರಲ್ಲಿ ಜೀವಂತವಾಗಿರುವ ಪರಂಪರೆ. ಬಸದಿಗಳ ಟ್ರಸ್ಟುಗಳೂ ಸೇವಾಸಂಸ್ಥೆಗಳೂ ಮಹಾವೀರ ಜಯಂತಿಯಂದು ನಡೆಸುವ ಉಚಿತ ಆರೋಗ್ಯ ಶಿಬಿರಗಳು ಆ ಔಷಧದಾನದ ಇಂದಿನ ರೂಪ. ಶಿಬಿರ ಮುಗಿದ ಸಂಜೆಯನ್ನು ಊಹಿಸಿಕೊಳ್ಳಬಹುದು. ವೈದ್ಯರು ಹೊರಟಿದ್ದಾರೆ. ಮೇಜಿನ ಮೇಲೆ ದಾನಿಗಳು ಕಳುಹಿಸಿದ ಪೆಟ್ಟಿಗೆಗಳಲ್ಲಿ ಅರ್ಧ ಉಳಿದಿವೆ. ಕೆಲವಕ್ಕೆ ಇನ್ನೆರಡು ತಿಂಗಳ ಅವಧಿ ಮಾತ್ರ. ಬಂದವರಿಗೆ ಕೇಳಿದ್ದಕ್ಕಿಂತ ಒಂದು ಪಟ್ಟಿ ಹೆಚ್ಚೇ ಕೊಟ್ಟಾಗಿದೆ. ಬೇಡವೆಂದರೆ ದಾನಿಗೆ ಬೇಸರ. ಪ್ರತಿಜೀವಕವನ್ನು ಮೂರು ದಿನಕ್ಕೆ ಮಾತ್ರ ಕೊಟ್ಟು ಕಳುಹಿಸಿದ್ದೂ ಉಂಟು. ಉಳಿದುದು ಬೀರುವಿಗೆ ಹೋಗಿ, ಮುಂದಿನ ವರ್ಷ ಪರ್ಯುಷಣದ ಮುಂಚಿನ ಶುಚಿಕಾರ್ಯದಲ್ಲಿ ಹೊರಬಿದ್ದು, ಮೋರಿಗೋ ತಿಪ್ಪೆಗೋ ಸೇರುತ್ತದೆ. ತಿಪ್ಪೆಯದೂ ಮಳೆಗಾಲದಲ್ಲಿ ಮೋರಿಗೇ ಬರುತ್ತದೆ. ಕೊಟ್ಟದ್ದರ ಪುಣ್ಯವನ್ನು ವಾರ್ಷಿಕ ವರದಿಯಲ್ಲಿ ರೂಪಾಯಿಗಳಲ್ಲಿ ಬರೆದಾಗಿದೆ. ಹೊಳೆಗೆ ಹೋದದ್ದರ ಲೆಕ್ಕ ಯಾವ ಪುಟದಲ್ಲಿಯೂ ಇಲ್ಲ.

ಅನರ್ಥದಂಡಗಳಲ್ಲಿ ಹಿಂಸಾದಾನ ಎಂಬುದೂ ಒಂದು. ವಿಷ, ಆಯುಧ ಮೊದಲಾದ ಹಿಂಸೆಯ ಸಾಧನಗಳನ್ನು ಇನ್ನೊಬ್ಬರ ಕೈಗೆ ಕೊಡುವುದು ಅದರ ಅರ್ಥ. ಔಷಧದಾನ ಮತ್ತು ಹಿಂಸಾದಾನಗಳಷ್ಟು ಪರಸ್ಪರ ದೂರವಾದ ಶಬ್ದಗಳು ಶ್ರಾವಕಾಚಾರದಲ್ಲಿ ಬೇರೆ ಇರಲಾರವು. ಆದರೂ ಅವಧಿ ಮೀರುತ್ತಿರುವ ಪ್ರತಿಜೀವಕದ ಪೆಟ್ಟಿಗೆಯನ್ನು ಬೇಕೋ ಬೇಡವೋ ಎಂದು ಕೇಳದೆ ಕೊಟ್ಟಾಗ ಮೊದಲನೆಯದು ಎರಡನೆಯದರ ಕಡೆಗೆ ಜಾರತೊಡಗುತ್ತದೆ. ಹೊಳೆಯಲ್ಲಿ ನಿರಂತರವಾಗಿ ಇರುವ ಪ್ರತಿಜೀವಕದ ಅಂಶ, ಅದಕ್ಕೆ ಬಗ್ಗದ ರೋಗಾಣುಗಳು ಬಲಿಯುವುದಕ್ಕೆ ಅನುಕೂಲ ಮಾಡಿಕೊಡುತ್ತದೆ. ಅವು ಮನುಷ್ಯರನ್ನು ತಗುಲಿದಾಗ ಅದೇ ಔಷಧ ನಿಷ್ಫಲವಾಗುತ್ತದೆ. ಬಡ ರೋಗಿಗೆ ಇಂದು ಕೊಟ್ಟ ದಾನ ನಾಳೆ ಇನ್ನೊಬ್ಬ ಬಡ ರೋಗಿಯಿಂದ ಕಿತ್ತುಕೊಂಡಂತೆ ಆಗಬಾರದಷ್ಟೆ.

ಮುನಿಗಳು ಪಾಲಿಸುವ ಐದು ಸಮಿತಿಗಳಲ್ಲಿ ಈರ್ಯೆ, ಭಾಷೆ, ಏಷಣೆ, ಆದಾನ ನಿಕ್ಷೇಪಣಗಳ ಅನಂತರ ಬರುವುದು ಪ್ರತಿಷ್ಠಾಪನಾ ಸಮಿತಿ. ಉತ್ಸರ್ಗವೆಂದೂ ಅದಕ್ಕೆ ಹೆಸರು. ಮಲಮೂತ್ರಾದಿಗಳನ್ನು ಜೀವಿಗಳಿಲ್ಲದ ನೆಲವನ್ನು ನೋಡಿಯೇ ವಿಸರ್ಜಿಸಬೇಕೆಂಬ ನಿಯಮ ಅದು. ಮೊದಲ ನಾಲ್ಕನ್ನು ಕುರಿತು ಪ್ರವಚನಗಳು ಎಷ್ಟೋ ನಡೆಯುತ್ತವೆ. ಐದನೆಯದನ್ನು ಮುನಿಚರ್ಯೆಯ ಒಂದು ವಿವರವೆಂದು ಹೇಳಿ ಮುಂದೆ ಸಾಗುವುದೇ ವಾಡಿಕೆ. ಪಿಂಛಿಯನ್ನು ಹಿಡಿದು ನೆಲವನ್ನು ನೋಡುವ ಮುನಿಗೆ ಬಿಡುವ ವಸ್ತುವೂ ಬೀಳುವ ಸ್ಥಳವೂ ಕಣ್ಣೆದುರಿಗೇ ಇವೆ. ನಗರದ ಗೃಹಸ್ಥನಿಗೆ ಬಿಡುವ ಸ್ಥಳ ಬಚ್ಚಲು, ಬೀಳುವ ಸ್ಥಳ 40 ಕಿಲೋಮೀಟರ್ ಆಚೆಯ ಬೈರಮಂಗಲ. ನಡುವೆ ಕೊಳವೆ ಇರುವುದರಿಂದ ಅವನು ನೋಡುವ ಕರ್ತವ್ಯದಿಂದ ಮುಕ್ತನಾದನೇ? ಆಗಲಿಲ್ಲವೆಂದೇ ತೋರುತ್ತದೆ. ಬಿಡುಗಡೆ ದೊರೆಯುವುದಾದರೆ ಅದು ದೇಹಧರ್ಮದಿಂದ ಹೋಗುವ ಅಂಶಕ್ಕೆ ಮಾತ್ರ. ಕೈಯಿಂದ ಸುರಿಯುವ ಅಂಶಕ್ಕಲ್ಲ. ದೂರವಿರುವುದನ್ನು ಬುದ್ಧಿಯಿಂದ ನೋಡಬೇಕು. ಮುಲಾಮು ಹಚ್ಚಿದ ಕೈಯನ್ನು ತೊಳೆಯುವ ಮೊದಲು ಕಾಗದದಿಂದ ಒರೆಸುವುದು ಇಂಥ ನೋಟದಿಂದ ಹುಟ್ಟುವ ಒಂದು ಸಣ್ಣ ಆಚಾರ. ವೈದ್ಯನಲ್ಲಿ ಬೇಕಾದಷ್ಟನ್ನೇ ಕೇಳುವುದು ಇನ್ನೊಂದು.

ಈ ನೋಟದಲ್ಲಿ ಎಲ್ಲವೂ ಸರಳವಾಗಿಲ್ಲ. ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯು 2025ರಲ್ಲಿ ಹೊರಡಿಸಿದ ಮಾರ್ಗದರ್ಶಿಯಲ್ಲಿ, ಅವಧಿ ಮೀರಿದ ಅಥವಾ ಬಳಸದ 17 ಔಷಧಗಳನ್ನು ಶೌಚದ ಬೋಗುಣಿಗೆ ಹಾಕಿ ನೀರು ಬಿಡುವಂತೆ ಹೇಳಲಾಗಿದೆ. ಬಹುಮಟ್ಟಿಗೆ ಅವು ಮಾರ್ಫಿನ್ ಜಾತಿಯ ತೀವ್ರ ನೋವು ಶಾಮಕಗಳು. ಮನೆಯಲ್ಲಿ ಉಳಿದು ಒಂದು ಮಗುವಿನ ಕೈಗೆ ಸಿಕ್ಕರೆ ಒಂದೇ ಸಾರಿಗೆ ಪ್ರಾಣ ಹೋಗಬಹುದಾದವು. ಮಗುವಿನ ಅಪಾಯಕ್ಕೂ ಹೊಳೆಯ ಅಪಾಯಕ್ಕೂ ನಡುವೆ ಆರಿಸಬೇಕಾಗಿ ಬಂದಾಗ ಆ ಮಾರ್ಗದರ್ಶಿ ಮಗುವನ್ನು ಆರಿಸಿದೆ, ಅದನ್ನು ತಪ್ಪೆನ್ನಲಾಗದು. ಆದರೆ ಆ 17ರ ಪಟ್ಟಿಯನ್ನು ನೆಪವಾಗಿಸಿ ಕೆಮ್ಮಿನ ಸಿರಪ್ಪನ್ನೂ ಪ್ರತಿಜೀವಕವನ್ನೂ ಬೋಗುಣಿಗೆ ಹಾಕುವುದು ತಪ್ಪು. ಉಳಿದ ಔಷಧಗಳನ್ನು ಪ್ರತ್ಯೇಕವಾಗಿ ಸಂಗ್ರಹಿಸಿ ಒಪ್ಪಿಸಬೇಕು. ಅವಧಿ ಮೀರಿದ ಔಷಧವನ್ನು ಅಡುಗೆಮನೆಯ ಕಸದಿಂದ ಬೇರೆಯಾಗಿಡಬೇಕಾದ ಅಪಾಯಕಾರಿ ತ್ಯಾಜ್ಯವೆಂದು 2016ರ ಘನತ್ಯಾಜ್ಯ ನಿಯಮಗಳಲ್ಲಿಯೇ ಹೇಳಲಾಗಿತ್ತು.

ಅದೇ ವರ್ಷದ ಜೀವವೈದ್ಯಕೀಯ ತ್ಯಾಜ್ಯ ನಿಯಮಗಳ ವ್ಯಾಪ್ತಿಯಲ್ಲಿ ಆಸ್ಪತ್ರೆಗಳು ಮಾತ್ರವಲ್ಲದೆ ಪಶುವೈದ್ಯ ಸಂಸ್ಥೆಗಳೂ, ಆರೋಗ್ಯ ಶಿಬಿರ, ರಕ್ತದಾನ ಶಿಬಿರಗಳೂ ಸೇರಿವೆ. ಇದು ಅನೇಕ ಟ್ರಸ್ಟುಗಳ ಗಮನಕ್ಕೆ ಬಂದಿರಲಾರದು. ಶಿಬಿರದಲ್ಲಿ ಉಳಿದ ಅವಧಿ ಮೀರಿದ ಔಷಧ ಹಳದಿ ಚೀಲದಲ್ಲಿ ಅಂಗೀಕೃತ ಸಂಸ್ಕರಣ ಘಟಕಕ್ಕೆ ಹೋಗಬೇಕು. ಸಹಕರಿಸಿದ ಆಸ್ಪತ್ರೆಯೊಂದಿಗೆ ಮೊದಲೇ ಮಾತಾಡಿಕೊಂಡರೆ ಸಂಜೆ ಅವರ ವಾಹನದಲ್ಲಿಯೇ ಅದು ಹೊರಟುಹೋಗುತ್ತದೆ. ಆಹ್ವಾನ ಪತ್ರಿಕೆಯಲ್ಲಿ, ಮನೆಯಲ್ಲಿ ಮಿಕ್ಕಿರುವ ಔಷಧಗಳನ್ನೂ ತಂದೊಪ್ಪಿಸಬಹುದೆಂದು ಒಂದು ಸಾಲು ಸೇರಿಸಬಹುದಾದರೆ ಇನ್ನೂ ಒಳ್ಳೆಯದು. ಅದಕ್ಕೂ ಆ ಆಸ್ಪತ್ರೆಯ ಒಪ್ಪಿಗೆಯನ್ನು ಮೊದಲೇ ಪಡೆಯಬೇಕು. ಹೀಗೆ ಸಂಗ್ರಹವಾದುದನ್ನು ಘಟಕದಲ್ಲಿ ಅತಿ ಹೆಚ್ಚಿನ ಉಷ್ಣತೆಯಲ್ಲಿ ಸುಡುತ್ತಾರೆ. ಅಲ್ಲಿ ಅಗ್ನಿಕಾಯಿಕ, ವಾಯುಕಾಯಿಕ ಜೀವಿಗಳ ವಿರಾಧನೆ ಇಲ್ಲವೇ ಎಂದು ಯಾರಾದರೂ ಸೂಕ್ಷ್ಮಜ್ಞರು ಕೇಳಿದರೆ, ಇದೆ ಎಂದೇ ಹೇಳಬೇಕಾಗುತ್ತದೆ. ಪ್ರಶ್ನೆ ಇರುವುದು ಆ ಒಲೆಗೂ ಕನಕಪುರದ ಕೆಳಗಿನ ಹೊಳೆಯಲ್ಲಿರುವ ಪಂಚೇಂದ್ರಿಯ ಮೀನುಗಳಿಗೂ ನಡುವೆ. ಪೆಟ್ಟಿಗೆಯನ್ನು ತರಿಸುವ ಮೊದಲೇ ಶಿಬಿರಕ್ಕೆ ಎಷ್ಟು ಬೇಕೆಂದು ಎಣಿಸಿದ್ದ ಟ್ರಸ್ಟಿಗೆ ಆ ಪ್ರಶ್ನೆ ಬರುವುದು ಬಹಳ ಸಣ್ಣ ಪ್ರಮಾಣದಲ್ಲಿ.